ಓವನ್ ರಿಪೇರಿಯವನ ಅವಸರ

ಬೇಕರಿಗಳ ಗ್ಯಾಸ್ ಓವನ್ ರಿಪೇರಿ ಮಾಡುವ ಈ ಮನುಷ್ಯನ ಕಾಲು ನೆಲಕ್ಕೆ ಊರಿದ್ದನ್ನು ಅವನ ಚಪ್ಪಲಿಯೂ ಕಂಡಿಲ್ಲ. ಅವನು ಕುಳಿತರೆ ಕುರ್ಚಿಗೇ ನಡುಕ ಹತ್ತುತ್ತದೆ. ಬಾಗಿಲಲ್ಲೇ "ಪ್ಲಗ್ ಹಾಕಿದೀರಾ ಅಕ್ಕ, ಇಲ್ಲ ಸುಮ್ನೆ ನನ್ನ ನೆನಪಾಯ್ತಾ?" ಎನ್ನುತ್ತಾನೆ. ಉತ್ತರ ಬರುವಷ್ಟರಲ್ಲಿ ಫ್ಯೂಸ್ ನೋಡಿ, ವೈರುಗಳನ್ನು ಎಳೆದಾಡಿ, ಕಿಡಿ ಹಾರಿಸುವ ಪಿನ್ನಿನ ಮಸಿಯನ್ನು ತನ್ನ ಅಂಗಿಗೇ ಒರೆಸಿಕೊಂಡಿರುತ್ತಾನೆ. ಇವತ್ತು ಕಿಡಿಯೇನೋ ಟಿಕ್ ಟಿಕ್ ಎಂದಿತು, ಬೆಂಕಿ ಹತ್ತಲಿಲ್ಲ. ತಕ್ಷಣ ಗ್ಯಾಸ್ ಬಂದ್ ಮಾಡಿ, ಓವನ್ ಬಾಗಿಲು ತೆರೆದು, ಅದಕ್ಕೆ ಬೆನ್ನು ಕೊಟ್ಟು ಕಲ್ಲಿನಂತೆ ನಿಂತುಬಿಟ್ಟ. ಅತ್ತ ಬೇಕರಿಯಾಕೆಯ ಹಿಟ್ಟು ಉಬ್ಬಿ, ಪಾತ್ರೆ ದಾಟಿ, ಇನ್ನೇನು ಬೀದಿಗೆ ಹೊರಡುವುದರಲ್ಲಿತ್ತು. "ಬ್ರೆಡ್ಡೆಲ್ಲ ಹಾಳಾಗುತ್ತಪ್ಪ, ಒಂದು ಬೆಂಕಿಕಡ್ಡಿ ಗೀರಿಬಿಡು" ಎಂದು ಆಕೆ ಗೋಗರೆದಳು. "ಒಳಗೆ ತುಂಬಿರೋ ಗ್ಯಾಸ್ ಮೊದಲು ಹೋಗ್ಲಿ ಅಕ್ಕ. ಹಿಟ್ಟು ಇನ್ನೊಂದ್ಸಲ ಕಲಸ್ಬಹುದು." "ಒಳ್ಳೇ ಹಟಮಾರಿ ನೀನು. ಮೊದಲು ರಿಪೇರಿಗೆ ಬರ್ತಿದ್ದ ನಿಮ್ಮಣ್ಣನೇ ವಾಸಿಯಂತೆ, ಗಿರಾಕಿ ಹೇಳಿದ ಮಾತು ಕೇಳ್ತಿದ್ದನಂತೆ." "ಹೌದಕ್ಕ, ಕೇಳ್ತಿದ್ದ. ಹೀಗೇ ಒಬ್ಬರ ಮಾತು ಕೇಳಿ ಕಡ್ಡಿ ಗೀರಿದ. ಅದಕ್ಕೇ ಈಗ ಅವನ ಬದಲು ನಾನು ಬರ್ತೀನಿ." ಆಕೆ ಹೋಗಿ ಕಿಟಕಿಗಳನ್ನೂ ತೆರೆದಳು.