ಚರ್ಚಿಗೆ ಹೊಡೆದುಕೊಂಡು ಹೋದ ಟಗರು

ನನಗೆ ಮೊಮ್ಮಗಳು ಹುಟ್ಟಿದಳು! ಎಂಬತ್ತೆರಡನೇ ಇಸವಿ, ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವು ತುಂಬಿದ್ದ ಕಾಲ. ತಾಯಿಯೂ ಚೆನ್ನಾಗಿದ್ದಳು, ಕೂಸೂ ಚೆನ್ನಾಗಿತ್ತು. ಈಗ ಆ ಕೂಸು ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತದೆ. ಆದರೂ ಈ ಮಾತು ಮೊದಲು ಹೇಳದಿದ್ದರೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಕುರಿ ಹಿಂದೆ ಹೋದವನು. ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಬೇಕು.

ನನ್ನ ಮಗಳು ರತ್ನಳಿಗೆ ಅದು ಚೊಚ್ಚಲ ಹೆರಿಗೆ. ನೋವು ತಿಂದು ತಿಂದು ಹುಡುಗಿ ಸೊರಗಿ ಹೋದಳು, ಕೂಸು ಮಾತ್ರ ಹೊರಗೆ ಬರಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಗಾಡಿ ಕಟ್ಟಿಕೊಂಡು ಪೇಟೆಗೆ ಬಂದೆವು. ಆಗ ಪೇಟೆಯ ಕೊನೆಯಲ್ಲಿ, ಚರ್ಚಿನ ಪಕ್ಕ, ಪಾದ್ರಿಗಳು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯೊಂದಿತ್ತು. ಮಗಳನ್ನು ಒಳಗೆ ಮಲಗಿಸಿ ಬಾಗಿಲು ಹಾಕಿಕೊಂಡರು.

ಹೊರಗೆ ಬೆಂಚಿನ ಎದುರು ಗೋಡೆಯ ಮೇಲೆ ಒಂದು ಪಟವಿತ್ತು. ಗಡ್ಡ ಬಿಟ್ಟವನೊಬ್ಬ, ಕೈಯಲ್ಲಿ ಕೋಲು, ಹೆಗಲ ಮೇಲೆ ಕುರಿಮರಿ. ಮರಿಯ ಮುಂಗಾಲು, ಹಿಂಗಾಲು ಎಲ್ಲವನ್ನೂ ಎದೆಯ ಹತ್ತಿರ ಒಂದೇ ಕೈಯಲ್ಲಿ ಒತ್ತಿ ಹಿಡಿದಿದ್ದ, ಥೇಟು ನಾವು ಹಿಡಿಯುವ ಹಾಗೆ. ಇವನೂ ಕುರಿ ಕಾಯುವವರ ದೇವರೇ ಇರಬೇಕು ಅಂದುಕೊಂಡೆ. ಒಳಗಿನಿಂದ ರತ್ನ ಕೂಗಿಕೊಂಡಳು. ನಾನು ಪಟಕ್ಕೆ ಕೈಮುಗಿದುಬಿಟ್ಟೆ.

"ಅಪ್ಪಾ, ನೀನೂ ಕುರಿ ಕಾಯೋನು, ನಾನೂ ಕುರಿ ಕಾಯೋನು. ನನ್ನ ಸಂಕಟ ನಿನಗೆ ಬಿಡಿಸಿ ಹೇಳ್ಬೇಕಾ? ಎರಡು ಜೀವ ಉಳಿಸ್ಕೊಡು. ನನ್ನ ಹಿಂಡಿನಾಗಿರೋ ಒಳ್ಳೇ ಟಗರು ನಿನಗೆ ಕೊಡ್ತೀನಿ."

ಬಿಳಿ ನಿಲುವಂಗಿಯ ಪಾದ್ರಿಗಳೊಬ್ಬರು ಬಂದು ನನ್ನ ಪಕ್ಕ ಕೂತರು. ಕೂಸು ಅತ್ತ ಸದ್ದು ಕೇಳಿದಾಗ ನನಗಿಂತ ಮೊದಲು ಎದ್ದು ನಿಂತವರು ಅವರೇ.

ಪುರುಡು ಕಳೆದ ಮೇಲೆ ನನ್ನ ಹೆಂಡತಿ ಮುನಿಯಮ್ಮನಿಗೆ ಹರಕೆಯ ವಿಷಯ ಹೇಳಿದೆ. ಅವಳು ಎದೆ ಬಡಿದುಕೊಂಡಳು.

"ಗುರುತು ಪರಿಚಯ ಇಲ್ದಿರೋ ದೇವರಿಗೆ ಹರಕೆ ಹೊತ್ಕೊಂಡು ಬಂದಿದ್ದೀಯಲ್ಲ! ಒಪ್ಪಿಸ್ದೆ ಬಿಟ್ರೆ ಕೂಸಿಗೆ ದೋಷ ತಟ್ತೈತೆ. ಇವತ್ತೇ ಹೋಗು."

ನೆಂಟರಿಗೆ ಹೇಳಿ ಕಳಿಸಿ, ಮಸಾಲೆ ಅರೆಯಲು ಕೂತಳು. ನಾನು ಟಗರಿಗೆ ಅರಿಶಿನ ಬಳಿದು, ಕೊರಳಿಗೆ ಬೇವಿನ ಸೊಪ್ಪು ಕಟ್ಟಿ, ಮಚ್ಚು ತೆಗೆದುಕೊಂಡು ಚರ್ಚಿಗೆ ಹೊಡೆದುಕೊಂಡು ಹೋದೆ. ಅದೇ ಪಾದ್ರಿಗಳು ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದರು.

"ಸ್ವಾಮಿ, ಪಟದಾಗಿರೋ ದೇವರಿಗೆ ಇದನ್ನ ಒಪ್ಪಿಸ್ಬೇಕು. ಎಲ್ಲಿ ಕಡೀಲಿ?"

ಅವರು ನಗಲಿಲ್ಲ, ಬೈಯಲೂ ಇಲ್ಲ. ಮಚ್ಚು ನೋಡಿದರು, ನನ್ನ ಮುಖ ನೋಡಿದರು. "ನಿಮ್ಮಲ್ಲಿ ಹೇಗೆ ಒಪ್ಪಿಸ್ತೀರಿ ತಾತ?" ಅಂತ ಕೇಳಿದರು.

ನಮ್ಮ ಪದ್ಧತಿ ಹೇಳಿದೆ. ಟಗರಿನ ಮೇಲೆ ನೀರು ಹಾಕಬೇಕು. ಅದು ಮೈ ಜಾಡಿಸಿದರೆ ದೇವರು ಒಪ್ಪಿದ ಹಾಗೆ. ಜಾಡಿಸುವವರೆಗೂ ಕಡಿಯುವ ಹಾಗಿಲ್ಲ.

ಅವರ ಚೊಂಬಿನ ನೀರನ್ನೇ ತೆಗೆದುಕೊಂಡು ಹಾಕಿದೆ. ಟಗರು ಅಲ್ಲಾಡಲಿಲ್ಲ. ಇನ್ನೊಂದು ಸಲ ಹಾಕಿದೆ. ಅದು ದಾಸವಾಳವನ್ನೇ ನೋಡಿಕೊಂಡು ನಿಂತಿತು. ಬಿಸಿಲು ಏರಿತು. ಪಾದ್ರಿಗಳು ನಿಲುವಂಗಿ ಎತ್ತಿ ಕಟ್ಟಿಕೊಂಡು ತಾವೇ ಮತ್ತೆ ನೀರು ಸೇದಿ ತಂದುಕೊಟ್ಟರು. ಉಹೂಂ.

"ಒಪ್ತಾ ಇಲ್ಲ ಸ್ವಾಮಿ. ಏನೋ ತಪ್ಪಾಗೈತೆ. ನನ್ನ ಕೂಸಿನ ಗತಿ ಏನು?" ಅಂತ ಅತ್ತೇಬಿಟ್ಟೆ.

ಪಾದ್ರಿಗಳು ನನ್ನ ಕೈಯಿಂದ ಮಚ್ಚು ತೆಗೆದು ಗೋಡೆಗೆ ಒರಗಿಸಿದರು. "ಕೂಸಿಗೆ ಏನೂ ಆಗಲ್ಲ ತಾತ. ಪಟದಲ್ಲಿರೋರು ತಪ್ಪಿಸ್ಕೊಂಡ ಮರೀನ ಹುಡುಕಿ ಹೊತ್ಕೊಂಡು ಬರ್ತಾ ಇದ್ದಾರೆ. ಅವರಿಗೆ ಕುರಿ ಮಾಂಸ ಬೇಡ, ಕುರಿ ಬೇಕು."

"ಹಂಗಾದ್ರೆ ನೀವೇ ಇಟ್ಕೊಳ್ಳಿ."

"ನಾನೆಲ್ಲಿ ಮೇಯಿಸ್ಲಿ? ನಾನೂ ಕುರಿ ಕಾಯೋನೇ, ಆದ್ರೆ ನನ್ನ ಹಿಂಡು ಮಾತಾಡುತ್ತೆ, ಅದನ್ನ ಕಾಯೋದ್ರಲ್ಲೇ ಸಾಕಾಗಿದೆ. ಅವರ ಟಗರನ್ನ ನೀವೇ ಮೇಯಿಸಿ, ಅದು ಬದುಕಿರೋವರೆಗೂ."

ನನಗೆ ತಲೆ ಕೆಟ್ಟುಹೋಯಿತು. ದೇವರಿಗೆ ಕೊಟ್ಟಿದ್ದನ್ನು ಮನೆಗೆ ಹೊಡೆದುಕೊಂಡು ಹೋಗುವುದೇ? "ಇದು ಕೊಟ್ಟಂಗೋ, ಕೊಡ್ದಂಗೋ ಸ್ವಾಮಿ?"

"ಕೊಟ್ಟ ಹಾಗೇ. ಅನುಮಾನ ಇದ್ರೆ ನಿಮ್ಮ ಪದ್ಧತೀಲೇ ಕೇಳಿ."

ಉಳಿದಿದ್ದ ನೀರನ್ನು ಹಾಕಿ ಗಟ್ಟಿಯಾಗಿ ಕೇಳಿದೆ: "ಅಪ್ಪಾ, ಕಡಿಯಲ್ಲ, ನಿನ್ನ ಹೆಸರಾಗೆ ಮೇಯಿಸ್ತೀನಿ. ಒಪ್ಪಿಗೇನಾ?"

ಟಗರು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಕೊಂಬಿನಿಂದ ಬಾಲದವರೆಗೆ ಎಂಥಾ ಜಾಡಿಸುವುದು! ಪಾದ್ರಿಗಳ ಬಿಳಿ ನಿಲುವಂಗಿಯ ತುಂಬ ಅರಿಶಿನದ ನೀರು.

"ನನಗೂ ಒಪ್ಪಿಗೆ ಕೊಡ್ತು ಬಿಡಿ," ಎಂದು ಅವರು ಮುಖ ಒರೆಸಿಕೊಂಡು ನಕ್ಕರು.

ದೇವರು ಒಪ್ಪಿದನೋ, ಕಿವಿಗೆ ನೀರು ಹೋಯಿತೋ? ಜೀವಮಾನವೆಲ್ಲ ಕುರಿಯ ಜೊತೆ ಕಳೆದವನು ನಾನು, ಇವತ್ತಿಗೂ ಹೇಳಲಾರೆ. ನೀನು ಮಾಡುತ್ತಿರುವುದು ತಪ್ಪು ಅಂತ ಒಂದೇ ಮಾತಿನಲ್ಲಿ ನನ್ನನ್ನು ಓಡಿಸಬಹುದಾಗಿದ್ದ ಆ ದೊಡ್ಡ ಮನುಷ್ಯರು ಬಿಸಿಲಿನಲ್ಲಿ ನೀರು ಸೇದಿ ಕೊಡುತ್ತಾ ಯಾಕೆ ನಿಂತರು? ಅದೂ ತಿಳಿಯದು. ನೆನೆದರೆ ಮಾತ್ರ ಕಣ್ಣು ತುಂಬುತ್ತದೆ.

ಮನೆ ಹತ್ತಿರ ಬರುವಾಗಲೇ ನನ್ನ ಬಾಮೈದ ಗಂಗಪ್ಪ ಜಗಲಿಯಿಂದ ಕೂಗಿದ, "ಅಕ್ಕಾ, ಬಂದು ನೋಡೇ! ನಮ್ಮ ಊಟ ನಡ್ಕೊಂಡು ವಾಪಸ್ ಬರ್ತೈತೆ!"

ಮುನಿಯಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. "ಒಪ್ಲಿಲ್ವಾ?"

"ಒಪ್ಪೈತೆ ಕಣೇ. ಆದ್ರೆ ತಿನ್ನಲ್ವಂತೆ. ನಾವು ಮೇಯಿಸ್ಬೇಕಂತೆ."

"ಇದ್ಯಾವ ಸೀಮೆ ದೇವರು!" ಎಂದಳು. ಆಮೇಲೆ ಒಳಗೆ ಹೋಗಿ, ಅರೆದಿಟ್ಟ ಮಸಾಲೆಯನ್ನೆಲ್ಲ ಹುರುಳಿಕಾಳಿಗೆ ಹಾಕಿ ಸಾರು ಕುದಿಸಿದಳು.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಸಾಲಾಗಿ ಕೂತೆವು. ರತ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಮ್ಮ ಜೊತೆಯಲ್ಲೇ ಕೂತಳು. ಗಂಗಪ್ಪ ಸಾರಿನಲ್ಲಿ ಬೆರಳಾಡಿಸಿ, "ವಾಸನೆ ಐತೆ, ತುಂಡೇ ಇಲ್ಲ," ಅಂದ. ಎಲ್ಲರೂ ನಕ್ಕರು. ಮುನಿಯಮ್ಮ ಮೊದಲ ಮುದ್ದೆಯನ್ನು ಎಡೆಗೆ ತೆಗೆದು ಕೈಯಲ್ಲೇ ಹಿಡಿದು ನಿಂತಳು.

"ಯಾರ ಹೆಸರಿಗೆ ಇಡ್ಲಿ? ನಮ್ಮ ಮನೆದೇವರು ಬೀರಪ್ಪನಿಗೋ, ಪಟದಾಗಿರೋ ಆಯಪ್ಪನಿಗೋ?"

ನನಗೇನು ಗೊತ್ತು? ಕೂಸಿನ ಮುಖ ನೋಡಿದೆ. "ಇಬ್ಬರಿಗೂ ಇಡೇ," ಅಂದೆ. "ಇಬ್ಬರೂ ಕುರಿ ಕಾಯೋರೇ, ಒಂದೇ ಮುದ್ದೇಲಿ ಹಂಚ್ಕೊಂತಾರೆ."

ಅವಳು ಮುದ್ದೆಯನ್ನು ಎರಡಾಗಿ ಮುರಿದಿಟ್ಟಳು. ನಾವು ಉಣ್ಣತೊಡಗಿದೆವು.