ವಾಪಸ್ಸಣ್ಣನ ಸಹನೆಯ ಸರ್ಟಿಫಿಕೇಟು

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವನ ಕೆಲಸ ಒಂದೇ: ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತಪ್ಪು ಹುಡುಕುವುದು. ಒಂದು ಹೊಲಿಗೆ ತಪ್ಪಿದ್ದರೂ ಕೆಂಪು ಸ್ಟಿಕರ್ ಅಂಟಿಸಿ "ವಾಪಸ್" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಹೀಗೆ ಅಂದದ್ದಕ್ಕೆ ಜನ ಅವನನ್ನು ವಾಪಸ್ಸಣ್ಣ ಎಂದೇ ಕರೆಯುತ್ತಿದ್ದರು. ಮೊಸರಲ್ಲಿ ಕಲ್ಲು ಹುಡುಕುವವರನ್ನು ನೀವು ಕಂಡಿರಬಹುದು. ಇವನು ಕಲ್ಲು ಸಿಗದಿದ್ದರೆ ಮೊಸರಿನ ಮೇಲೇ ಅನುಮಾನಪಡುವವನು.

ಮನೆಯಲ್ಲೂ ಅದೇ ಉದ್ಯೋಗ. ತಂಗಿಯನ್ನು ಕೇಳಿಕೊಂಡು ಬಂದ ಹುಡುಗನ ಕಾಲರಿನ ಒಂದು ತುದಿ ಇನ್ನೊಂದಕ್ಕಿಂತ ಒಂದು ನೂಲು ಉದ್ದವಿತ್ತು. ವಾಪಸ್ ಎಂದುಬಿಟ್ಟ. ತಂಗಿ ಹಟ ಹಿಡಿದು ಅವನನ್ನೇ ಮದುವೆಯಾದಳು. ಅಂದಿನಿಂದ ಹನ್ನೆರಡು ವರ್ಷ, ತಂಗಿ ಬಂದರೆ ಬಾ ಎನ್ನುತ್ತಿದ್ದ. ಅವಳ ಗಂಡ ಮಾತ್ರ ಗೇಟಿನಾಚೆ ಸ್ಕೂಟರಿನ ಮೇಲೇ ಕೂತಿರಬೇಕು.

ವಾಪಸ್ಸಣ್ಣನ ಕಿಡ್ನಿಗಳು ಕೈಕೊಟ್ಟಾಗ ಹೊಂದಿಕೆಯಾದದ್ದು ಆ ತಂಗಿಯದೇ. ಕೇಳುವ ಮೊದಲೇ ಕೊಟ್ಟಳು. ಆರು ತಿಂಗಳ ಮೇಲೆ ಡಾಕ್ಟರಮ್ಮ ಒಂದು ವಿಶೇಷ ರಕ್ತಪರೀಕ್ಷೆ ಮಾಡಿಸಿ ಹೇಳಿದರು:

"ತಾಯಿ ಮೈ ಹೊಟ್ಟೇಲಿರೋ ಮಗೂನ ಹೊರಗಿನದು ಅಂತ ತಳ್ಳಿಬಿಡಲ್ಲ ನೋಡಿ, ಅದಕ್ಕೆ ಸಹಾಯ ಮಾಡೋ ಒಂದು ಅಣು ಇದೆ. ನಿಮ್ಮ ರಕ್ತದಲ್ಲೂ ಅದು ಚೆನ್ನಾಗಿದೆ. ಹೊಸ ಕಿಡ್ನೀನ ಮೈ ಸಹಿಸ್ಕೊಳ್ತಿದೆ ಅನ್ನೋಕೆ ಒಳ್ಳೇ ಸೂಚನೆ. ಆದ್ರೆ ಮೈ ಅದನ್ನ ತಳ್ಳದ ಹಾಗೆ ಕೊಟ್ಟಿರೋ ಮಾತ್ರೆ ಬಿಡೋ ಹಾಗಿಲ್ಲ."

ಕೊನೆಯ ಮಾತು ಅವನ ಕಿವಿಗೇ ಬೀಳಲಿಲ್ಲ. ರಿಪೋರ್ಟಿಗೆ ಲ್ಯಾಮಿನೇಷನ್ ಮಾಡಿಸಿ ಕಾರ್ಖಾನೆಗೆ ಒಯ್ದ. "ಸಹನೆ ಅನ್ನೋದು ನನ್ನ ರಕ್ತದಲ್ಲೇ ಇದೆ, ಲ್ಯಾಬಿನವರೇ ಬರೆದುಕೊಟ್ಟಿದ್ದಾರೆ" ಎಂದು ಹೊಲಿಯುವ ಹೆಂಗಸರಿಗೆಲ್ಲ ತೋರಿಸಿ, ಅದೇ ಉಸಿರಿನಲ್ಲಿ ಹದಿನಾಲ್ಕು ಅಂಗಿ ವಾಪಸ್ ಮಾಡಿದ.

"ಹಾಗಾದ್ರೆ ಗೇಟಿನಾಚೆ ಕೂತಿರೋರನ್ನ ಒಳಗೆ ಕರೀಲಾ?" ಎಂದಳು ಹೆಂಡತಿ.

"ಅದು ಬೇರೆ ವಿಷಯ."

ಮಾತ್ರೆಗಳೇನಿದ್ದರೂ ಸಹನೆ ಇಲ್ಲದ ಮೈಗೆ ಎಂದು ಅವನಿಗೆ ಒಂದು ಬೆಳಿಗ್ಗೆ ಜ್ಞಾನೋದಯವಾಯಿತು. ಮಾತ್ರೆಯ ಡಬ್ಬಿಗೂ ಕೆಂಪು ಸ್ಟಿಕರ್ ಅಂಟಿಸಿ ಕಪಾಟಿನ ಮೇಲಿಟ್ಟ. ಯಾರಿಗೂ ಹೇಳಲಿಲ್ಲ.

ಮೂರು ವಾರಕ್ಕೆ ಪಾದ ಊದಿಕೊಂಡವು, ಮೂತ್ರ ಕಡಿಮೆಯಾಯಿತು. ಆಸ್ಪತ್ರೆಯಲ್ಲಿ ಡ್ರಿಪ್ ಏರಿಸಿ ಡಾಕ್ಟರಮ್ಮ, "ನಿಮ್ಮ ಮೈ ಈಗ ಆ ಕಿಡ್ನೀನ ತಿರಸ್ಕರಿಸ್ತಾ ಇದೆ. ಉಳಿಯುತ್ತೋ ಇಲ್ವೋ ಈ ವಾರ ಗೊತ್ತಾಗುತ್ತೆ" ಎಂದರು. ಅವನಿಗೆ ಸಾಯುವ ಭಯ ಒಂದು ಕಡೆ. ತಂಗಿಗೆ ಏನೆಂದು ಹೇಳಲಿ ಎನ್ನುವ ಭಯ ಅದಕ್ಕಿಂತ ದೊಡ್ಡದು.

ತಂಗಿ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಳು, ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವಳ ಮುಖ ನೋಡಲಾರದೆ ಅವನು ಮಂಚದ ಮೇಲಿದ್ದ ತನ್ನ ಆಪರೇಷನ್ನಿನ ಹಳೆಯ ಫೈಲನ್ನು ತಿರುವಿಹಾಕಿದ. ನಡುವೆ ಒಂದು ಹಾಳೆ ಸಿಕ್ಕಿತು. "ನನ್ನ ಹೆಂಡತಿ ತನ್ನ ಅಣ್ಣನಿಗೆ ಕಿಡ್ನಿ ಕೊಡುವುದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ." ಕೆಳಗೆ ತಂಗಿಯ ಗಂಡನ ಸಹಿ. ಒಂದು ನೂಲಿನ ತಪ್ಪನ್ನೂ ಬಿಡದವನಿಗೆ ಇಂಥ ಹಾಳೆಯೊಂದು ಇದೆಯೆಂದೇ ಇಷ್ಟು ದಿನ ತಿಳಿದಿರಲಿಲ್ಲ.

"ಅವರು ಎಲ್ಲಿದ್ದಾರೆ?" ಎಂದು ಮೆಲ್ಲಗೆ ಕೇಳಿದ.

"ಹೊರಗೆ, ಬೆಂಚಿನ ಮೇಲೆ. ಒಳಗೆ ಬರಬಹುದಾ ಅಂತ ನಿನ್ನನ್ನ ಕೇಳ್ಕೊಂಡು ಬಾ ಅಂದ್ರು, ಅಣ್ಣ."

ನಾಚಿಕೆಯಿಂದ ವಾಪಸ್ಸಣ್ಣನಿಗೆ ತಲೆ ಎತ್ತಲಾಗಲಿಲ್ಲ. ಹಾಗೇ ಬಾಗಿಲ ಕಡೆ ಕೈ ತೋರಿಸಿದ. ತಂಗಿಯೇ ಎದ್ದುಹೋಗಿ ಬಾಗಿಲು ತೆಗೆದಳು.