ನೀರು ಬಿದ್ದ ಕಾದಂಬರಿ

ನಾನು ಯಲ್ಲಾಪುರದವನು. ಕಾಲೇಜಿಗೆಂದು ಶಿರಸಿಯಲ್ಲಿ ದೊಡ್ಡಾಯಿಯ ಮನೆಯಲ್ಲಿದ್ದೆ. ದೊಡ್ಡಾಯಿ ಎಂದರೆ ನನ್ನ ತಾಯಿಯ ಅಕ್ಕ. ಎರಡು ಹೊತ್ತಿನ ಊಟ, ಮಲಗಲು ಜಾಗ, ಓದಲು ಲಾಟೀನು ಎಲ್ಲ ಅವಳು ಕೊಟ್ಟದ್ದು. ಅವಳು ಬೇಡವೆಂದರೆ ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು.

೧೯೬೪ರ ಫೆಬ್ರವರಿಯಲ್ಲಿ ನಾವು ಐದು ಜನ ವಿದ್ಯಾರ್ಥಿಗಳು ಊರಿನ ವಾಚನಾಲಯದ ಒಂದು ಇಂಗ್ಲಿಷ್ ಕಾದಂಬರಿಯನ್ನು ಸರದಿಯ ಮೇಲೆ ಓದಲು ಹಿಡಿದೆವು. ಒಬ್ಬೊಬ್ಬರಿಗೆ ನಾಲ್ಕು ದಿನ. ಸರದಿ ಪಟ್ಟಿ ಬರೆಯುವ ಕೆಲಸ ನನ್ನದು. ಇಂಥ ಕೆಲಸಗಳನ್ನು ಯಾರೂ ಕೇಳುವ ಮೊದಲೇ ನಾನು ವಹಿಸಿಕೊಳ್ಳುತ್ತೇನೆ. ನಾಲ್ಕನೆಯವನು ನನ್ನ ತರಗತಿಯ ಗೆಳೆಯ, ಬನವಾಸಿ ಕಡೆಯವನು. ಅವನ ತಂದೆಗೆ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಅಂಗಡಿ. ಒಂದೇ ಬೆಂಚಿನಲ್ಲಿ ಕೂತರೂ ಅವನು ನನಗೆ ‘ರೀ’ ಹಚ್ಚಿ ಮಾತಾಡುತ್ತಿದ್ದ. ನಾನು ಅವನಿಗೆ ‘ನೀನು’ ಎನ್ನುತ್ತಿದ್ದೆ. ಇದನ್ನು ಆಗ ನಾನು ಗಮನಿಸಿರಲಿಲ್ಲ. ಐದನೆಯವನು ನಾನು.

ಕಥೆ ಅಮೆರಿಕದ ದಕ್ಷಿಣ ಸೀಮೆಯ ಒಂದು ಸಣ್ಣ ಊರಿನದು. ಕಪ್ಪು ಜನರ ಪೈಕಿ ಒಬ್ಬ ಬಡಗಿಯ ಮೇಲೆ ಕಳವಿನ ಆರೋಪ ಬರುತ್ತದೆ. ಕಳವಾದ ಹೊತ್ತಿನಲ್ಲಿ ಅವನು ಅಂಚೆ ಕಚೇರಿಯ ಮೇಜು ರಿಪೇರಿ ಮಾಡುತ್ತಿದ್ದ. ಅದು ಬಿಳಿಯ ಪೋಸ್ಟಮಾಸ್ತರನಿಗೆ ಗೊತ್ತು, ಆದರೂ ಅವನು ಬಾಯಿ ಬಿಡುವುದಿಲ್ಲ. ನನ್ನ ಸರದಿ ಬಂದಾಗ ನಾನು ಪಾತ್ರಗಳ ಪಟ್ಟಿ ಮಾಡಿದೆ. ನಿಜ ಗೊತ್ತಿದ್ದವರು ಹನ್ನೊಂದು ಜನ, ಹೇಳಿದವರು ಇಬ್ಬರು. ಪೋಸ್ಟಮಾಸ್ತರನಿಗೆ ನೂರಕ್ಕೆ ಸೊನ್ನೆ ಅಂಕ ಕೊಟ್ಟೆ.

ಮಾರ್ಚ್ ಮೂರು, ಮಂಗಳವಾರ ಪುಸ್ತಕ ನನ್ನ ಕೈಗೆ ಬಂತು. ಜಗಲಿಯ ಮೇಲಿಟ್ಟು ಕೈಕಾಲು ತೊಳೆಯಲು ಹೊರಟೆ.

“ಯಾರ ಹತ್ರ ಇತ್ತೋ ತಮಾ ಇದು?” ದೊಡ್ಡಾಯಿ ಕೇಳಿದಳು.

ಸುಮ್ಮನಿರಬಹುದಿತ್ತು. ಆದರೆ ನಮ್ಮ ಗುಂಪಿನಲ್ಲಿ ಭೇದವಿಲ್ಲವೆಂದು ತೋರಿಸುವ ಹುಮ್ಮಸ್ಸಿನಲ್ಲಿ ನಾಲ್ಕೂ ಹೆಸರು ಹೇಳಿದೆ. ನಾಲ್ಕನೆಯವನ ತಂದೆಯ ಕಸುಬನ್ನೂ ಹೇಳಿದೆ. ತಿರುಗಿ ಬರುವಷ್ಟರಲ್ಲಿ ಪುಸ್ತಕ ತುಳಸಿಕಟ್ಟೆಯ ಮೇಲೆ ಬಿಸಿಲಿಗೆ ಬಿಡಿಸಿಕೊಂಡು ಮಲಗಿತ್ತು. ಪುಟಪುಟದ ಮೇಲೂ ನೀರಿನ ಹನಿ.

“ಎಂತ ಮಾಡಿದ್ಯೇ ದೊಡ್ಡಾಯಿ!”

“ಸರಸ್ವತಿ ಅಲ್ದನಾ ಅದು? ಹೊರಗೆ ಇಡಲೆ ಬತ್ತಿಲ್ಲೆ. ನೀರು ಹಾಕಿ ಶುದ್ಧ ಮಾಡಿಟ್ಟಿದ್ದಿ. ಒಣಗಿದ ಮೇಲೆ ಒಳಗೆ ತಗಂಡು ಹೋಗು.”

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ಓದಿಗೆ ಅಡ್ಡಿಯಾಗದ ದಾರಿ ಹುಡುಕಿದ ಸಮಾಧಾನವಿತ್ತು. ಮೂರು ರಾತ್ರಿ ಪುಸ್ತಕವನ್ನು ಟ್ರಂಕಿನ ಕೆಳಗೆ ಒತ್ತಿಟ್ಟೆ. ಊದಿದ ಪುಟ ಇಳಿಯಲಿಲ್ಲ.

ಮಾರ್ಚ್ ಏಳು, ಶನಿವಾರ ವಾಚನಾಲಯದಲ್ಲಿ ಚರ್ಚೆ. ಪಾತ್ರಗಳ ಬಗ್ಗೆ ಮಾತಾಡಬೇಕಾದವನು ನಾನು. ಮೇಲ್ವಿಚಾರಕರು ಪುಸ್ತಕವನ್ನು ಕೈಗೆತ್ತಿಕೊಂಡವರೇ ಹುಬ್ಬು ಗಂಟಿಕ್ಕಿದರು. ನನ್ನ ಸರದಿ ಪಟ್ಟಿ ತರಿಸಿ, ಅದರ ಮೇಲೆ ಬೆರಳಾಡಿಸಿದರು. ಬೆರಳು ಐದನೆಯ ಹೆಸರಿನ ತನಕ ಬರಲಿಲ್ಲ. ನಾಲ್ಕರಲ್ಲಿ ನಿಂತಿತು.

“ನಿನ್ನ ಕೆಲಸವೇನೋ ಇದು?”

“ಇಲ್ರಿ ಸರ. ನಾ ಕೊಡೂ ಮುಂದ ಚಲೋ ಇತ್ರಿ.”

“ಚರ್ಮ ನೆನೆಹಾಕೋ ಮನೆ. ಬಾನಿ ಪಕ್ಕದಲ್ಲೇ ಕೂತು ಓದಿರಬೇಕು. ಕಾರ್ಡು ಇಲ್ಲಿಡು. ಇನ್ನು ನಿನಗೆ ಪುಸ್ತಕ ಇಲ್ಲ.”

ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಅವನ ಹತ್ತಿರ ಸ್ವಂತದ್ದೆಂದು ಒಂದು ಪಠ್ಯಪುಸ್ತಕವೂ ಇರಲಿಲ್ಲ. ಎಲ್ಲ ಆ ಕಾರ್ಡಿನ ಮೇಲೆ ತಂದು ನಕಲು ಮಾಡಿಕೊಳ್ಳುತ್ತಿದ್ದ. ಅವನು ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ನನ್ನ ಕಡೆ ನೋಡಲಿಲ್ಲ. ಹಿಂದಿನ ಬೆಂಚಿಗೆ ಹೋಗಿ ಕೂತ.

“ಹೂಂ, ಶುರು ಮಾಡು,” ಎಂದರು ಮೇಲ್ವಿಚಾರಕರು ನನಗೆ.

ಶುರು ಮಾಡಿದೆ. ನಿಜ ಹೇಳಿದರೆ ದೊಡ್ಡಾಯಿಯ ಹೆಸರು ಊರಿಡೀ ಕೆಡುತ್ತದೆ, ನಾನು ಗಂಟು ಕಟ್ಟಿಕೊಂಡು ಯಲ್ಲಾಪುರದ ಬಸ್ಸು ಹತ್ತಬೇಕಾಗುತ್ತದೆ. ಹೇಳದಿದ್ದರೆ ಅವನ ಪರೀಕ್ಷೆ ಹೋಗುತ್ತದೆ. ಇದೆಲ್ಲ ತಲೆಯಲ್ಲಿ ತಿರುಗುತ್ತಿರುವಾಗಲೇ ನನ್ನ ಬಾಯಿ ಬರೆದುಕೊಂಡದ್ದನ್ನು ಓದುತ್ತಿತ್ತು. ಬಡಗಿಯ ತಾಳ್ಮೆ. ನ್ಯಾಯಾಧೀಶನ ಅವಸರ. ಪೋಸ್ಟಮಾಸ್ತರನ ಹೇಡಿತನ. ಸುಳ್ಳು ಹೇಳಿದವನಿಗಿಂತ ಸುಮ್ಮನಿದ್ದವನ ಪಾಪ ದೊಡ್ಡದು ಎಂದು ಓದಿದಾಗ ಯಾರೋ ಚಪ್ಪಾಳೆ ತಟ್ಟಿದರು.

ಪ್ರಶ್ನೆಗಳ ಹೊತ್ತಿಗೆ ಹಿಂದಿನ ಬೆಂಚಿನಿಂದ ಅವನು ಎದ್ದ.

“ಆ ಪೋಸ್ಟಮಾಸ್ತರಗ ಮನ್ಯಾಗ ಯಾರರ ಇದ್ರೇನ್ರಿ? ಅವರ ಅಂಜಿಕಿಗೆ ಸುಮ್ಮಕಿದ್ನೇನು?”

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಪುಸ್ತಕದಲ್ಲಿ ಪೋಸ್ಟಮಾಸ್ತರನ ಮನೆಯ ಬಗ್ಗೆ ಒಂದು ಸಾಲೂ ಇಲ್ಲ. ನಾನದನ್ನು ಹುಡುಕಿಯೂ ಇರಲಿಲ್ಲ. ಉತ್ತರ ಕೊಡಲು ಬಾಯಿ ತೆರೆದವನು, “ನೀರು ಬಿದ್ದದ್ದು ನಮ್ಮ ಮನೆಯಲ್ಲಿ,” ಎಂದುಬಿಟ್ಟೆ.

ಮೇಲ್ವಿಚಾರಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನೀರು ಹೇಗೆ ಬಿತ್ತೆಂದು ಅವರು ಕೇಳಿದರೆ ಹೇಳಿಬಿಡುವುದೆಂದು ನಿಂತೆ. ಅವರು ಕೇಳಲಿಲ್ಲ.

“ತಂಬಿಗೆ ಉರುಳಿರಬೇಕು, ಅಲ್ದನಾ?” ಎಂದರು ಮೆತ್ತಗೆ, ನಮ್ಮ ಮನೆಮಾತಿನಲ್ಲಿ. “ಹೋಗ್ಲಿ ಬಿಡು ಮಾರಾಯಾ. ಆಗ್ತು ಒಂದೊಂದು ಸಲ.”

ನಾನು ಹೌದೆಂದು ತಲೆಯಾಡಿಸಿದೆ.

ಅಷ್ಟೇ. ನನ್ನ ಕಾರ್ಡನ್ನು ಯಾರೂ ಕೇಳಲಿಲ್ಲ. ಅವನ ಕಾರ್ಡನ್ನು ಮೇಜಿನ ಅಂಚಿಗೆ ಸರಿಸಿದರು. ಅವನೇ ಬಂದು ಎತ್ತಿಕೊಂಡ. ಅವನಿಗೆ ಯಾರೂ ಒಂದು ಮಾತು ಹೇಳಲಿಲ್ಲ, ನಾನೂ ಸೇರಿ.

ಹೊರಗೆ ಮೆಟ್ಟಿಲ ಬಳಿ ಅವನನ್ನು ಹಿಡಿದೆ. “ತಂಬಿಗೆ ಉರುಳಲಿಲ್ಲ,” ಎಂದೆ.

“ಗೊತ್ತೈತ್ರಿ.” ಅವನು ನಕ್ಕ. “ತಂಬಿಗಿ ಉರುಳಿದ್ರ ಒಂದ ಕಡೆ ತೊಯ್ತೈತಿ. ಹಂಗ ಹನಿ ಹನಿ ಎಲ್ಲಾ ಪುಟಕ್ಕ ಬೀಳಾಕ ಯಾರರ ಕುಂತ ಚಿಮುಕಿಸಿರಬೇಕು. ನಿಮ್ಮನಿ ಅಮ್ಮಾರಿಗೆ ಭಾಳ ತ್ರಾಸ ಆಗಿರಬೇಕಲ್ರಿ, ಮುನ್ನೂರ ಪುಟ!”

ನನಗೆ ನಗು ಬರಲಿಲ್ಲ. “ಒಳಗೆ ಹೋಗಿ ಪೂರಾ ಹೇಳಿ ಬರುತ್ತೇನೆ,” ಎಂದೆ.

“ಬ್ಯಾಡ್ರಿ. ಹೇಳಿದ್ರ ಅವರಿಗೆ ಸಿಟ್ಟು, ನಿಮ್ಮನ್ಯಾಗ ಸಿಟ್ಟು. ತಿರಗಿ ಬರೂದು ನನ್ನ ಕಾರ್ಡಿಗೇ.” ಕೈಯಲ್ಲಿದ್ದ ಕಾರ್ಡನ್ನು ತಿರುಗಿಸುತ್ತ ಹೇಳಿದ: “ಒಂದ ಕೆಲಸ ಮಾಡ್ರಿ. ಮುಂದಿನ ಪುಸ್ತಕಕ್ಕ ನನ್ನ ಹೆಸರ ಕಡೀಗೆ ಬರೀರಿ. ನಿಮ್ಮ ಮನೀಗೆ ಹೋಗಿ ಬಂದ ಮ್ಯಾಲ ನಾ ಓದ್ತೀನಿ. ಯಾರೂ ನೀರ ಹಾಕೂದಿಲ್ಲ.”

“ಅದು ಹೇಗೆ ಬರೆಯಲಿ?”

“ಬರೀರಿ. ನನಗ ಪರೀಕ್ಷಿ ಐತಿ.”

ಮೆಟ್ಟಿಲ ಮೇಲೆ ನಿಂತೇ ಹೊಸ ಪಟ್ಟಿಗೆ ಹಾಳೆ ತೆಗೆದೆ. ಅವನು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. ಮೊದಲು ನನ್ನ ಹೆಸರು ಬರೆದೆ, ಆಮೇಲೆ ಉಳಿದ ಮೂವರದು. ಅವನದನ್ನು ಕೊನೆಗೆ ಬರೆದೆ. ಸರಿಯಾಗಿದೆಯೇ ಎಂದು ಅವನು ಒಮ್ಮೆ ಓದಿ ನೋಡಿ, ಕಾರ್ಡನ್ನು ಜೇಬಿಗಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ನಡೆದ.